ಪ್ರಾಸ: ಮುಪ್ಪಿನ ವಚನದಲ್ಲಿ ಅಡಗಿರುವ ಎರಡನೇ ಅಕ್ಷರ

ಪ್ರಾಸ ಅಂದ ಕೂಡಲೇ ನಮ್ಮ ಕಿವಿ ಸಾಲಿನ ಕೊನೆಗೆ ಹೋಗುತ್ತದೆ. ಅದು ಅಂತ್ಯಪ್ರಾಸ. ಹಳಗನ್ನಡದ ಕವಿಗಳು ಪ್ರಾಸವನ್ನು ನೋಡುತ್ತಿದ್ದದ್ದು ಸಾಲಿನ ಎರಡನೇ ಅಕ್ಷರದಲ್ಲಿ. ಎಲ್ಲ ಸಾಲಿನಲ್ಲೂ ಆ ಜಾಗದಲ್ಲಿ ಒಂದೇ ವ್ಯಂಜನ ಬರಬೇಕು, ಸ್ವರ ಬೇರೆಯಾದರೂ ನಡೆಯುತ್ತದೆ. ಇದು ಆದಿಪ್ರಾಸ.

ವಚನಕ್ಕೆ ಈ ಕಟ್ಟುಪಾಡು ಇಲ್ಲ. ಆದರೂ 12ನೇ ಶತಮಾನದ ಬಸವಣ್ಣನವರ ಈ ವಚನವನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿ:

ನೆರೆ ಕೆನ್ನೆಗೆ, ತೆರೆ ಗಲ್ಲಕೆ, ಶರೀರ ಗೂಡುವೋಗದ ಮುನ್ನ,
ಹಲ್ಲು ಹೋಗಿ, ಬೆನ್ನು ಬಾಗಿ, ಅನ್ಯರಿಗೆ ಹಂಗಾಗದ ಮುನ್ನ,
ಕಾಲ ಮೇಲೆ ಕೈಯನೂರಿ ಕೋಲ ಹಿಡಿಯದ ಮುನ್ನ,
ಮುಪ್ಪಿಂದೊಪ್ಪವಳಿಯದ ಮುನ್ನ, ಮೃತ್ಯು ಮುಟ್ಟದ ಮುನ್ನ,
ಪೂಜಿಸು ನಮ್ಮ ಕೂಡಲಸಂಗಮದೇವನ.

ನೆರೆ ಅಂದರೆ ಬಿಳಿಕೂದಲು, ತೆರೆ ಅಂದರೆ ಸುಕ್ಕು, ಒಪ್ಪ ಅಂದರೆ ಚೆಲುವು.

ಸಾಲುಗಳ ಎರಡನೇ ಅಕ್ಷರ ಹೊಂದುವುದಿಲ್ಲ: ರೆ, ಲ್ಲು, ಲ, ಪ್ಪಿಂ. ಆದರೆ ಸಾಲಿನ ಒಳಗೆ ಹುಡುಕಿ. ನೆರೆ, ತೆರೆ, ಶರೀರ: ಮೂರರಲ್ಲೂ ಎರಡನೆಯದು ರ. ಕಾಲ, ಕೋಲ. ಮುಪ್ಪು, ಒಪ್ಪ. ಕೆನ್ನೆ, ಬೆನ್ನು, ಮುನ್ನ. ಸಾಲುಗಳ ನಡುವೆ ಇರಬೇಕಾದ ಪ್ರಾಸ ಇಲ್ಲಿ ಪದಗಳ ನಡುವೆ ಬಂದು ಕೂತಿದೆ.

ಹಳಬರು ಪ್ರಾಸಕ್ಕೆ ಪ್ರಾಣಿಗಳ ಹೆಸರಿಟ್ಟಿದ್ದರು. ಮೊದಲ ಅಕ್ಷರ ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಎರಡನೆಯದು ಒತ್ತಿಗೆ ಅದೇ ಅಕ್ಷರ ಬಂದು ದ್ವಿತ್ವವಾದರೆ ಹಯ. ಹಾಗೆ ನೋಡಿದರೆ ನೆರೆ–ತೆರೆ ಸಿಂಹಪ್ರಾಸ, ಮುಪ್ಪು–ಒಪ್ಪ ಹಯಪ್ರಾಸ. ಕೋಲೂರುವ ಮುದುಕರ ಕಾಲ–ಕೋಲ ಮಾತ್ರ ಗಜಪ್ರಾಸ! ಸುಮ್ನೆ ಒಂದು ತಮಾಷೆ ಅಷ್ಟೇ.

ಇನ್ನು ಲಯ. ಮಾತ್ರೆ ಅಂದರೆ ಅಕ್ಷರ ಉಚ್ಚರಿಸುವ ಹೊತ್ತಿನ ಅಳತೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಸೊನ್ನೆ (ಂ) ಇರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಎಣಿಸಿದರೆ ‘ನೆರೆ ಕೆನ್ನೆಗೆ’ 6, ‘ತೆರೆ ಗಲ್ಲಕೆ’ 6. ‘ಹಲ್ಲು ಹೋಗಿ’, ‘ಬೆನ್ನು ಬಾಗಿ’ ಕೂಡ ಆರಾರು. ಮೊದಲೆರಡು ಸಾಲಿನಲ್ಲಿ ಉಳಿದ ಭಾಗ 14, 14. ಛಂದಸ್ಸಿಲ್ಲ ಅನ್ನುವ ಬರಹಕ್ಕೆ ಇದು ಸ್ವಲ್ಪ ಜಾಸ್ತಿಯೇ ಆಯ್ತು, ಅಲ್ವಾ? ಮೂರನೇ ಸಾಲಿನಲ್ಲೂ 6, 6 ಇದೆ, ಆದರೆ ಉಳಿದದ್ದು 10ಕ್ಕೆ ಇಳಿಯುತ್ತದೆ.

ನಾಲ್ಕನೆಯದರಲ್ಲಿ ಆರರ ನಡೆಯೇ ಹೋಗುತ್ತದೆ. ಅಲ್ಲಿಯವರೆಗೆ ಸಾಲಿಗೆ ಒಂದರಂತೆ ಬರುತ್ತಿದ್ದ ‘ಮುನ್ನ’ ಇಲ್ಲಿ ಎರಡು ಸಲ ಬರುತ್ತದೆ. ಉಸಿರಿಗೆ ಬಿಡುವು ಸಿಗುವುದಿಲ್ಲ. ಮೃತ್ಯು, ಮುಟ್ಟದ, ಮುನ್ನ ಅಂತ ಮಕಾರ ಮೂರು ಸಲ ಬಡಿಯುತ್ತದೆ. ಐದು ‘ಮುನ್ನ’ಗಳಾದರೂ ಏನು ಮಾಡಬೇಕು ಅಂತ ಇನ್ನೂ ಹೇಳಿಲ್ಲ. ಆ ಕ್ರಿಯಾಪದ ಕೊನೆಯ ಸಾಲಿನ ಮೊದಲ ಪದವಾಗಿ ಬರುತ್ತದೆ: ಪೂಜಿಸು. ಅದರ ಬೆನ್ನಿಗೇ ಅಂಕಿತ, ಅಂದರೆ ಬಸವಣ್ಣನವರ ವಚನಗಳ ಗುರುತಾದ ‘ಕೂಡಲಸಂಗಮದೇವ’ ಅನ್ನುವ ಹೆಸರು.