ಪ್ರಾರ್ಥನೆಗೆ ಮಣಿಯದ ದೈವ: ಪ್ಲೆಥಾನನನ್ನು ಓದುವ ಬಗೆ

ಪಾಶ್ಚಾತ್ಯ ತತ್ತ್ವಶಾಸ್ತ್ರದ ಚರಿತ್ರೆಯನ್ನು ಪಾಠ ಮಾಡುವ ನಮ್ಮಲ್ಲಿ ಹಲವರು ಥಾಮಸ್ ಅಕ್ವೈನಸನನ್ನು ಮುಗಿಸಿ ನೇರವಾಗಿ ಡೆಕಾರ್ಟೆಗೆ ದಾಟಿಬಿಡುತ್ತೇವೆ. ಬೈಜಾಂಟೈನ್ ಸಾಮ್ರಾಜ್ಯದ ಕೊನೆಯ ಕಾಲದ ಗ್ರೀಕ್ ಚಿಂತಕ ಜಾರ್ಜ್ ಗೆಮಿಸ್ಟೋಸ್ ಪ್ಲೆಥಾನನ ಹೆಸರು ಬಂದರೂ, ಆತ ಇಟಲಿಗೆ ಪ್ಲೇಟೋವಿನ ಪರಿಚಯ ಮಾಡಿಕೊಟ್ಟವನು, ಹಳೆಯ ಗ್ರೀಕ್ ದೇವತೆಗಳನ್ನು ಮರಳಿ ತರಬಯಸಿದವನು ಎಂಬ ಎರಡು ಮಾತುಗಳಲ್ಲಿ ವಿಷಯ ಮುಗಿದುಹೋಗುತ್ತದೆ. ಆತನ ರಾಜನೀತಿ, ಅರಿಸ್ಟಾಟಲನ ಖಂಡನೆ, ಸುಟ್ಟುಹೋದ ಗ್ರಂಥ ಈ ಮೂರನ್ನೂ ಒಂದೇ ಸಿದ್ಧಾಂತ ಹೆಣೆದಿದೆ ಎಂಬುದು ವಿದ್ಯಾರ್ಥಿಗಳೊಂದಿಗೆ ಆತನನ್ನು ಓದುತ್ತ ನನಗೆ ಖಚಿತವಾದ ಸಂಗತಿ. ದೈವವು ಒಳಿತನ್ನೇ ಮಾಡುತ್ತದೆ, ಮಾಡುವುದನ್ನು ನಿಯತವಾಗಿಯೇ ಮಾಡುತ್ತದೆ, ಯಾರ ಮೊರೆಗೂ ಕಾಣಿಕೆಗೂ ತನ್ನ ನಿರ್ಧಾರವನ್ನು ಬದಲಿಸುವುದಿಲ್ಲ ಎಂಬುದೇ ಆ ಸಿದ್ಧಾಂತ.

ಸುಮಾರು 1355ರಿಂದ 1360ರ ನಡುವೆ ಕಾನ್‌ಸ್ಟಾಂಟಿನೋಪಲಿನಲ್ಲಿ ಹುಟ್ಟಿದ ಗೆಮಿಸ್ಟೋಸ್ ತನ್ನ ದೀರ್ಘ ಬಾಳಿನ ಬಹುಭಾಗವನ್ನು ಕಳೆದದ್ದು ದಕ್ಷಿಣ ಗ್ರೀಸಿನ ಪರ್ಯಾಯದ್ವೀಪವಾದ ಪೆಲೊಪೊನೀಸಿನ ಮಿಸ್ತ್ರಾ ಎಂಬ ಬೆಟ್ಟದೂರಿನಲ್ಲಿ, ಪ್ರಾಚೀನ ಸ್ಪಾರ್ಟಾದ ಸಮೀಪದಲ್ಲಿ. ಆತ ಅಲ್ಲಿ ಬೋಧಿಸುತ್ತಿದ್ದ, ನ್ಯಾಯಾಧಿಕಾರಿಯೂ ಆಗಿದ್ದ. ಮುಂದೆ ರೋಮನ್ ಚರ್ಚಿನ ಕಾರ್ಡಿನಲ್ ಆದ ಬೆಸ್ಸಾರಿಯನ್ ಅಲ್ಲಿ ಆತನ ಶಿಷ್ಯನಾಗಿದ್ದ. ಆಟೊಮನ್ನರ ಒತ್ತಡದಿಂದ ಸಾಮ್ರಾಜ್ಯ ದಿನೇದಿನೇ ಕುಗ್ಗುತ್ತಿದ್ದ ಆ ವರ್ಷಗಳಲ್ಲಿ ಆತ ಚಕ್ರವರ್ತಿ ಎರಡನೆಯ ಮ್ಯಾನ್ಯುಯೆಲನಿಗೂ ಮಿಸ್ತ್ರಾದ ಅರಸ ಎರಡನೆಯ ಥಿಯೊಡೋರನಿಗೂ ಸುಧಾರಣೆಯ ಬಿನ್ನವತ್ತಳೆಗಳನ್ನು ಬರೆದ. ಬಾಡಿಗೆ ಸೈನಿಕರನ್ನು ನೆಚ್ಚಬಾರದು, ತೆರಿಗೆ ಕೊಡುವವರನ್ನೂ ಯುದ್ಧ ಮಾಡುವವರನ್ನೂ ಬೇರ್ಪಡಿಸಬೇಕು, ಭೂಮಿ ಉಳುವವನ ಬಳಕೆಗೆ ಸಿಗಬೇಕು, ಬೆಳೆಯನ್ನು ದುಡಿಮೆಗೊಂದು ಪಾಲು, ಎತ್ತು ಮೊದಲಾದ ಬಂಡವಾಳಕ್ಕೊಂದು ಪಾಲು, ನಾಡನ್ನು ಕಾಯುವವರಿಗೊಂದು ಪಾಲು ಎಂದು ಮೂರಾಗಿ ಹಂಚಬೇಕು ಎಂಬುದು ಅವುಗಳ ಸಾರ. ಧ್ಯಾನದ ಹೆಸರಿನಲ್ಲಿ ಸಾರ್ವಜನಿಕ ಸಂಪತ್ತಿನಿಂದ ಪಾಲು ಬಯಸುವ ಸನ್ಯಾಸಿಗಳಿಗೆ ಆ ಹಕ್ಕಿಲ್ಲವೆಂದೂ ಆತ ನಿಷ್ಠುರವಾಗಿ ಬರೆದ.

ಈ ಬಿನ್ನವತ್ತಳೆಗಳನ್ನು ಬರಿಯ ಆರ್ಥಿಕ ಸಲಹೆಗಳೆಂದು ಓದುವವರು ಥಿಯೊಡೋರನಿಗೆ ಬರೆದದ್ದರಲ್ಲಿರುವ ಒಂದು ಮುಖ್ಯ ಭಾಗವನ್ನು ಗಮನಿಸದೆ ಹೋಗುತ್ತಾರೆ. ದೈವವಿದೆ, ಅದಕ್ಕೆ ಮನುಷ್ಯರ ಬಗ್ಗೆ ಕಾಳಜಿಯಿದೆ, ಅದು ಎಲ್ಲವನ್ನೂ ನ್ಯಾಯವಾಗಿಯೇ ನಡೆಸುತ್ತದೆಯಾದ್ದರಿಂದ ಉಡುಗೊರೆಗಳಿಂದ ಅದನ್ನು ಒಲಿಸಿಕೊಳ್ಳಲಾಗದು ಎಂಬ ಮೂರು ನಂಬಿಕೆಗಳ ಮೇಲೆಯೇ ಒಳ್ಳೆಯ ರಾಜ್ಯ ನಿಲ್ಲುತ್ತದೆ ಎಂದು ಆತ ಅಲ್ಲಿ ವಾದಿಸುತ್ತಾನೆ. ಇದು ಪ್ಲೇಟೋ ತನ್ನ ‘ನಿಯಮಗಳು’ ಸಂವಾದದ ಹತ್ತನೆಯ ಪುಸ್ತಕದಲ್ಲಿ ಮಂಡಿಸಿದ ವಿಚಾರ. ಇದನ್ನು ಕೈಬಿಡದೆ ಹಿಡಿದರೆ ಪ್ಲೆಥಾನನ ಮುಂದಿನ ಬರವಣಿಗೆ ತಾನಾಗಿ ತೆರೆದುಕೊಳ್ಳುತ್ತದೆ.

ಪೂರ್ವ ಮತ್ತು ಪಶ್ಚಿಮದ ಚರ್ಚುಗಳನ್ನು ಒಂದುಗೂಡಿಸಲೆಂದು 1438–39ರಲ್ಲಿ ಫೆರಾರಾ ಹಾಗೂ ಫ್ಲಾರೆನ್ಸಿನಲ್ಲಿ ನಡೆದ ಮಹಾಸಭೆಗೆ ಗ್ರೀಕ್ ನಿಯೋಗದೊಂದಿಗೆ ಹೋದ ಆತ, ಫ್ಲಾರೆನ್ಸಿನಲ್ಲಿದ್ದಾಗಲೇ ಅರಿಸ್ಟಾಟಲ್ ಪ್ಲೇಟೋವಿನಿಂದ ಎಲ್ಲೆಲ್ಲಿ ಬೇರೆಯಾಗುತ್ತಾನೆಂಬುದನ್ನು ಕುರಿತು ಒಂದು ಪುಟ್ಟ ಪ್ರಬಂಧ ಬರೆದ. ಫ್ಲಾರೆನ್ಸಿನ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ಧನಿಕ ಕೋಸಿಮೊ ದಿ ಮೆಡಿಚಿ ಆತನ ಉಪನ್ಯಾಸಗಳಿಂದ ಪ್ರೇರಿತನಾದನೆಂದು ಅಲ್ಲಿಯ ತತ್ತ್ವಜ್ಞಾನಿ ಮಾರ್ಸಿಲಿಯೊ ಫಿಚಿನೊ ಹೇಳಿದ್ದು ದಶಕಗಳ ಅನಂತರ, ಪ್ಲೇಟೋ ಪಂಥದ ಪ್ರಾಚೀನ ಚಿಂತಕ ಪ್ಲೋಟಿನಸನ ಕೃತಿಗಳಿಗೆ ತಾನು ಮಾಡಿದ, 1492ರಲ್ಲಿ ಅಚ್ಚಾದ ಅನುವಾದದ ಮುನ್ನುಡಿಯಲ್ಲಿ. ಹಾಗಾಗಿ ಅದರ ಮೇಲೆ ಹೆಚ್ಚಿನ ಭಾರ ಹೊರಿಸಬಾರದು. ಪ್ರಬಂಧದ ತರ್ಕವೇ ನಮಗೆ ಹೆಚ್ಚು ಬೆಲೆಯುಳ್ಳದ್ದು. ಅರಿಸ್ಟಾಟಲನ ದೇವರು ಜಗತ್ತಿನ ಚಲನೆಗೆ ಕಾರಣನೇ ಹೊರತು ಅದರ ಇರವಿಗೆ ಕಾರಣನಲ್ಲ ಎಂಬುದು ಅಲ್ಲಿಯ ದೊಡ್ಡ ಆಕ್ಷೇಪ. ಆಗುವುದೆಲ್ಲಕ್ಕೂ ಕಾರಣವಿದೆ, ಪ್ರತಿಯೊಂದು ಕಾರಣವೂ ನಿಯತವಾಗಿ ವರ್ತಿಸುತ್ತದೆ ಎಂದು ಒಪ್ಪಿದ ಮೇಲೆ ಆಕಸ್ಮಿಕಕ್ಕೆ ಎಡೆಯೇ ಇಲ್ಲ ಎಂಬುದು ಇನ್ನೊಂದು. ಥಿಯೊಡೋರನಿಗೆ ನೀತಿಯಾಗಿ ಹೇಳಿದ್ದ ಮಾತು ಇಲ್ಲಿ ಕಾರ್ಯಕಾರಣ ತರ್ಕವಾಗಿದೆ.

ಅದರ ಪೂರ್ಣರೂಪ ‘ನಿಯಮಗಳು’ ಎಂದೇ ಹೆಸರಿಟ್ಟ ಆತನ ಸ್ವಂತ ಗ್ರಂಥದಲ್ಲಿತ್ತು. ಪ್ಲೆಥಾನ್ 1450ರ ದಶಕದ ಮೊದಲ ವರ್ಷಗಳಲ್ಲಿ ತೀರಿಕೊಂಡ ಮೇಲೆ ಅದರ ಹಸ್ತಪ್ರತಿ ಮಿಸ್ತ್ರಾದ ಅರಸಿಯಿಂದ ಆತನ ಹಳೆಯ ಪ್ರತಿವಾದಿ, ಕಾನ್‌ಸ್ಟಾಂಟಿನೋಪಲಿನ ಚರ್ಚಿನ ಮುಖ್ಯಸ್ಥನಾಗಿದ್ದ ಗೆನ್ನಾಡಿಯೋಸ್ ಸ್ಕೊಲಾರಿಯೋಸನ ಕೈಸೇರಿತು. ಆತ ಅದನ್ನು ಸುಡಿಸಿದ, ಬೇರೆ ಪ್ರತಿಗಳಿದ್ದರೆ ಅವನ್ನೂ ಸುಡಬೇಕೆಂದು ಆಜ್ಞಾಪಿಸಿದ. ಆದರೆ ತನ್ನ ತೀರ್ಪಿಗೆ ಸಾಕ್ಷಿಯಾಗಿರಲೆಂದು ಅಧ್ಯಾಯಗಳ ಪಟ್ಟಿಯನ್ನೂ ಕೆಲವು ಭಾಗಗಳನ್ನೂ ಉಳಿಸಿದ. ಹೀಗಾಗಿ ಎದುರಾಳಿ ಆಯ್ದುಕೊಟ್ಟದ್ದನ್ನೇ ಬಹುಮಟ್ಟಿಗೆ ನಾವಿಂದು ಓದುತ್ತಿದ್ದೇವೆ ಎಂಬ ಎಚ್ಚರ ಪ್ರತಿ ಪುಟದಲ್ಲೂ ಬೇಕು. ಜ್ಯೂಸ್, ಪಸೈಡನ್, ಹೀರಾ ಮೊದಲಾದ ದೇವತೆಗಳ ಶ್ರೇಣಿ, ಸ್ತೋತ್ರಗಳು, ಹಬ್ಬಗಳ ಪಂಚಾಂಗ ಇವೆಲ್ಲ ಎದ್ದು ಕಾಣುವುದಕ್ಕೆ ಈ ಆಯ್ಕೆಯೂ ಒಂದು ಕಾರಣ. ಅದೃಷ್ಟವಶಾತ್ ನಿಯತಿಯನ್ನು ಕುರಿತ ಅಧ್ಯಾಯ ಬೇರೆಯಾಗಿಯೇ ಪ್ರಚಾರದಲ್ಲಿದ್ದು ಉಳಿದುಬಂದಿದೆ.

ಎಲ್ಲವೂ ನಿಯತವೆಂದಾದರೆ ಪ್ರಾರ್ಥನೆ ಏಕೆ ಎಂದು ತರಗತಿಯಲ್ಲಿ ತಪ್ಪದೆ ಕೇಳುತ್ತಾರೆ. ಸ್ತೋತ್ರವು ದೇವತೆಯನ್ನು ಬದಲಿಸುವುದಿಲ್ಲ, ಹಾಡುವವನ ಕಲ್ಪನಾಶಕ್ತಿಯನ್ನು ತಿದ್ದಿ ಬುದ್ಧಿಗೆ ಅಧೀನವಾಗಿಸುತ್ತದೆ ಎಂಬುದು ಪ್ಲೆಥಾನನ ಉತ್ತರ. ಸ್ವಾತಂತ್ರ್ಯದ ಪ್ರಶ್ನೆಗೂ ಆತನ ಉತ್ತರ ಇದೇ ದಾರಿಯದು. ಒಳಿತಿನ ಆಳ್ವಿಕೆಗೆ ಒಳಗಾಗಿರುವುದು ದಾಸ್ಯವಲ್ಲ, ತನ್ನೊಳಗಿನ ಬುದ್ಧಿ ಉಳಿದ ಭಾಗಗಳನ್ನು ಆಳುತ್ತಿದ್ದರೆ ಮನುಷ್ಯ ಸ್ವತಂತ್ರನೇ. ಈ ಎರಡನೆಯ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಏಕೆಂದರೆ ಕೆಟ್ಟದ್ದನ್ನು ಮಾಡಿದವನ ಹೊಣೆ ಯಾರದೆಂಬುದು ಅಲ್ಲಿ ಸಡಿಲವಾಗಿಯೇ ಉಳಿಯುತ್ತದೆ. ಶಿಕ್ಷೆ ಇರುವುದು ತಿದ್ದುವುದಕ್ಕೆ ಎಂದಷ್ಟೇ ಆತ ಹೇಳಬಲ್ಲ.

ನಮ್ಮ ಓದುಗರಿಗಾಗಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪ್ರಾಚೀನ ಪರ್ಷಿಯಾದ ಪ್ರವಾದಿ ಜರತುಷ್ಟ್ರನಿಂದ ಆರಂಭವಾಗುವ ಮಾರ್ಗದರ್ಶಕರ ಪಟ್ಟಿಯಲ್ಲಿ ಆತ ಭಾರತದ ಬ್ರಾಹ್ಮಣರನ್ನೂ ಹೆಸರಿಸಿದ್ದಾನೆ, ಪುನರ್ಜನ್ಮವನ್ನೂ ಒಪ್ಪಿದ್ದಾನೆ. ಇದರಿಂದ ಆತ ಉಪನಿಷತ್ತುಗಳಿಗೆ ಋಣಿಯೆಂದು ಹೇಳಹೊರಡುವುದು ಅವಸರದ ಮಾತಾಗುತ್ತದೆ. ಬ್ರಾಹ್ಮಣರ ಪ್ರಸ್ತಾಪ ಹಳೆಯ ಗ್ರೀಕ್ ಲೇಖಕರಲ್ಲಿ ಬೇಕಾದಷ್ಟಿದೆ, ಮತ್ತು ಆತನ ಪುನರ್ಜನ್ಮದಲ್ಲಿ ಮೋಕ್ಷಕ್ಕೆ ಸ್ಥಾನವಿಲ್ಲ. ಮರ್ತ್ಯ ಮತ್ತು ಅಮರ್ತ್ಯ ಲೋಕಗಳನ್ನು ಬೆಸೆಯುವ ಕೊಂಡಿಯಾಗಿ ಮನುಷ್ಯ ಸದಾ ಇರಬೇಕಾದ್ದರಿಂದ ಆತ್ಮವು ಮತ್ತೆಮತ್ತೆ ದೇಹಕ್ಕೆ ಇಳಿಯಲೇಬೇಕು, ಆ ಇಳಿತವೂ ನಿಯತಿಯ ಭಾಗವೇ ಎಂಬುದು ಪ್ಲೆಥಾನನ ನಿಲುವು.