ಸರ್ಕಾರವೇ ಪರಿಸರ ನಿಯಮ ಸಡಿಲಿಸಿದರೆ ಕೋರ್ಟಿಗೆ ಹೋಗಿ ಫಲವಿದೆಯೇ?

ಪ್ರಶ್ನೆ: ಹೆದ್ದಾರಿ ಕೆಲಸಕ್ಕೆಂದು ನಮ್ಮೂರ ಪಕ್ಕದ ಗುಡ್ಡ ಕಡಿದು ಮಣ್ಣು ಸಾಗಿಸುತ್ತಿದ್ದಾರೆ. ವಿಚಾರಿಸಿದರೆ, ಇಂಥ ಕೆಲಸಕ್ಕೆ ಪರಿಸರ ಅನುಮತಿ ಬೇಡವೆಂದು ಕೇಂದ್ರ ಸರ್ಕಾರವೇ ಹೇಳಿದೆ ಎನ್ನುತ್ತಾರೆ. ನಿಯಮವನ್ನೇ ಸಡಿಲಿಸಿದ ಮೇಲೆ ನಮ್ಮಂಥವರು ಕೋರ್ಟಿಗೆ ಹೋಗಿ ಪ್ರಯೋಜನವಿದೆಯೇ? (ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಪ್ರಯೋಜನವಿದೆ. ಆದರೆ ನ್ಯಾಯಾಲಯ ಪರಿಶೀಲಿಸುವುದು ನಾವು ಅಂದುಕೊಂಡ ಸಂಗತಿಯನ್ನಲ್ಲ. ಸಡಿಲಿಕೆಯಿಂದ ಧರೆ ಕುಸಿಯುತ್ತದೆಯೇ, ಹಳ್ಳ ಬತ್ತುತ್ತದೆಯೇ ಎನ್ನುವುದಕ್ಕಿಂತ ಮೊದಲು, ಆ ಸಡಿಲಿಕೆಯನ್ನು ಕಾನೂನು ಹೇಳಿದ ಕ್ರಮದಲ್ಲಿ ಮಾಡಲಾಗಿದೆಯೇ ಎಂದು ಅದು ಕೇಳುತ್ತದೆ.

ನೀವು ಹೇಳಿದ ಮಣ್ಣಿನ ವಿಷಯವೇ ಇದಕ್ಕೆ ಒಳ್ಳೆಯ ನಿದರ್ಶನ. ದೇಶವೆಲ್ಲ ಲಾಕ್‌ಡೌನ್ ಆದ ಕೆಲವೇ ದಿನಗಳಲ್ಲಿ, 2020ರ ಮಾರ್ಚ್ 28ರಂದು, ಕೇಂದ್ರ ಪರಿಸರ ಸಚಿವಾಲಯವು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಗೆ ತಿದ್ದುಪಡಿ ತಂದು, ರಸ್ತೆ, ಕೊಳವೆಮಾರ್ಗಗಳಂಥ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯುವುದಕ್ಕೆ ಪೂರ್ವಾನುಮತಿ ಬೇಡವೆಂದಿತು. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಇಂಥ ಬದಲಾವಣೆಗೆ ಮೊದಲು ಕರಡು ಪ್ರಕಟಿಸಿ, ಆಕ್ಷೇಪಣೆಗೆ 60 ದಿನಗಳ ಕಾಲಾವಕಾಶ ಕೊಡಬೇಕು. ಸಾರ್ವಜನಿಕ ಹಿತಾಸಕ್ತಿಯ ದೃಷ್ಟಿಯಿಂದ ಮಾತ್ರ ಅದನ್ನು ಕೈಬಿಡಬಹುದು. ಸಚಿವಾಲಯ ಕೈಬಿಟ್ಟಿತು, ಏಕೆಂದು ವಿವರಿಸಲಿಲ್ಲ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದುಪಡಿಸಿತು. ಜನರ ಅಭಿಪ್ರಾಯ ಕೇಳದಿರುವುದಕ್ಕೆ ಕಾರಣವಿಲ್ಲ, ಯಾವ ಯೋಜನೆಗಳು ಇದರಡಿ ಬರುತ್ತವೆ ಎಂಬ ವ್ಯಾಖ್ಯೆಯಿಲ್ಲ, ಎಷ್ಟು ಮಣ್ಣು ತೆಗೆಯಬಹುದೆಂಬ ಮಿತಿಯಿಲ್ಲ, ಹೀಗಾಗಿ ಇದು ಸ್ವೇಚ್ಛೆಯ ನಿರ್ಧಾರವೆಂಬುದು ಪೀಠದ ನಿಲುವಾಗಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ಮಾರ್ಚ್‌ನಲ್ಲಿ ಸಚಿವಾಲಯ ಅದೇ ವಿನಾಯಿತಿಯನ್ನು ಷರತ್ತುಗಳೊಂದಿಗೆ ಮತ್ತೆ ಹೊರಡಿಸಿತು. ಕ್ರಮದ ಲೋಪದ ಮೇಲೆ ಗೆದ್ದ ಪ್ರಕರಣಗಳಿಗೆ ಈ ಅಪಾಯ ಸದಾ ಇರುತ್ತದೆ: ಲೋಪ ಸರಿಪಡಿಸಿಕೊಂಡು ಸರ್ಕಾರ ಮತ್ತೆ ಬರಬಹುದು. ಆದ್ದರಿಂದ ಗುತ್ತಿಗೆದಾರರು ಯಾವ ದಿನಾಂಕದ ಅಧಿಸೂಚನೆಯನ್ನು ತೋರಿಸುತ್ತಿದ್ದಾರೆ, ಅದರ ಷರತ್ತುಗಳನ್ನು ನಿಮ್ಮ ಗುಡ್ಡದಲ್ಲಿ ಪಾಲಿಸಲಾಗಿದೆಯೇ ಎಂದು ಮೊದಲು ತಿಳಿದುಕೊಳ್ಳಿ. ಷರತ್ತು ಮೀರಿದ್ದರೆ, ಅಧಿಸೂಚನೆಯನ್ನೇ ಪ್ರಶ್ನಿಸುವುದಕ್ಕಿಂತ ಆ ಉಲ್ಲಂಘನೆಯನ್ನು ಹಿಡಿಯುವುದು ಎಷ್ಟೋ ಸುಲಭ.

ಎಲ್ಲಿಗೆ ಹೋಗಬೇಕೆಂಬುದೂ ಇದರ ಮೇಲೆಯೇ ನಿಂತಿದೆ. ನಿರ್ದಿಷ್ಟ ಯೋಜನೆಗೆ ಕೊಟ್ಟ ಅನುಮತಿ ಅಥವಾ ಷರತ್ತಿನ ಉಲ್ಲಂಘನೆಯಾದರೆ 2010ರ ಕಾಯ್ದೆಯಡಿ ಸ್ಥಾಪನೆಯಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬೇಕು. ನಮ್ಮ ರಾಜ್ಯ ಚೆನ್ನೈನ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಬರುತ್ತದೆ. ನಿಯಮದ ಸಿಂಧುತ್ವವನ್ನೇ ಪ್ರಶ್ನಿಸುವುದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟೇ ಸರಿಯಾದ ಜಾಗ. ಇದನ್ನು ಅದಲುಬದಲು ಮಾಡಿಕೊಂಡರೆ, ವಾದ ಎಷ್ಟೇ ಗಟ್ಟಿಯಿದ್ದರೂ, ವ್ಯಾಪ್ತಿಯ ಪ್ರಶ್ನೆಯಲ್ಲೇ ತಿಂಗಳುಗಳು ಕಳೆದುಹೋಗುತ್ತವೆ.

ನಮ್ಮ ಹೈಕೋರ್ಟಿನ ಒಂದು ಆದೇಶ ಕನ್ನಡದ ಓದುಗರಿಗೆ ವಿಶೇಷವಾಗಿ ಹತ್ತಿರದ್ದು. 2020ರಲ್ಲಿ ಕೇಂದ್ರವು ಪರಿಸರ ಪರಿಣಾಮ ಅಂದಾಜಿನ ಹೊಸ ಕರಡು ಪ್ರಕಟಿಸಿದಾಗ, ಸ್ಥಳೀಯ ಭಾಷೆಯಲ್ಲಿ ಅದು ಜನರಿಗೆ ಸಿಕ್ಕಿಲ್ಲವೆಂಬ ಆಕ್ಷೇಪವನ್ನು ಪರಿಗಣಿಸಿ, ಅಂತಿಮ ಅಧಿಸೂಚನೆ ಹೊರಡಿಸದಂತೆ ಆಗಸ್ಟ್‌ನಲ್ಲಿ ಹೈಕೋರ್ಟ್ ತಾತ್ಕಾಲಿಕ ತಡೆ ಕೊಟ್ಟಿತು. ಓದಲಾಗದ ಕರಡಿಗೆ ಆಕ್ಷೇಪಣೆ ಸಲ್ಲಿಸುವುದಾದರೂ ಹೇಗೆ?

ಇಂಥ ಮಧ್ಯಂತರ ಆದೇಶಗಳೇ ಎಷ್ಟೋ ಸಲ ಅಂತಿಮ ತೀರ್ಪಿಗಿಂತ ಮುಖ್ಯವಾಗುತ್ತವೆ, ಏಕೆಂದರೆ ಕಡಿದ ಗುಡ್ಡವನ್ನು ಯಾವ ತೀರ್ಪೂ ಮರಳಿ ಕಟ್ಟಲಾರದು. ಅರಣ್ಯದ ವ್ಯಾಖ್ಯೆಯನ್ನು ಕಿರಿದಾಗಿಸಿದ 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಕಾಯ್ದೆಯ ಪ್ರಕರಣದಲ್ಲಿ, ಗೋದಾವರ್ಮನ್ ಪ್ರಕರಣದಲ್ಲಿ ತಾನೇ 1996ರಲ್ಲಿ ಕೊಟ್ಟ ಆದೇಶದಂತೆ 'ಅರಣ್ಯ'ಕ್ಕೆ ನಿಘಂಟಿನ ಅರ್ಥವನ್ನೇ (ದಾಖಲೆಯಲ್ಲಿ ಏನೇ ಇರಲಿ, ಕಾಡಿನಂತಿರುವುದೆಲ್ಲ ಅರಣ್ಯ) ಸದ್ಯಕ್ಕೆ ಅನುಸರಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಸೂಚಿಸಿತು. ಮಲೆನಾಡಿನ ತೋಟಗಾರರಿಗೆ ಇದು ಸಿಹಿ ಸುದ್ದಿಯೇನಲ್ಲ ಎಂಬುದನ್ನೂ ಹೇಳಬೇಕು. ಡೀಮ್ಡ್ ಅರಣ್ಯದ, ಅಂದರೆ ದಾಖಲೆಯಲ್ಲಿ ಅರಣ್ಯವೆಂದಿಲ್ಲದಿದ್ದರೂ ಅರಣ್ಯವೆಂದೇ ಪರಿಗಣಿಸಿದ ಜಮೀನಿನ, ತಲೆನೋವಿನ ಬೇರು ಇರುವುದು ಅದೇ 1996ರ ಆದೇಶದಲ್ಲಿ. ರಾಜ್ಯ ಸರ್ಕಾರ 2022ರಲ್ಲಿ ಆ ವಿಸ್ತೀರ್ಣವನ್ನು ಸುಮಾರು 9.94 ಲಕ್ಷ ಹೆಕ್ಟೇರ್‌ನಿಂದ 3.30 ಲಕ್ಷ ಹೆಕ್ಟೇರ್‌ಗೆ ಇಳಿಸಿದಾಗ ಇಲ್ಲಿ ಅನೇಕರು ನಿಟ್ಟುಸಿರು ಬಿಟ್ಟರು. ಗುಡ್ಡ ಉಳಿಸುವ ಕಾನೂನು ನಮ್ಮ ಬೇಲಿಯ ತನಕವೂ ಬರುತ್ತದೆ. ಅರ್ಜಿಗೆ ಸಹಿ ಹಾಕುವ ಮುನ್ನ ಊರಿನವರು ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು.

ವಿಳಂಬ ಎಷ್ಟಾಗಬಹುದೆಂಬುದಕ್ಕೆ ಕುದುರೆಮುಖವನ್ನು ನೋಡಿ. ಕಬ್ಬಿಣದ ಅದಿರು ಕಂಪನಿಯ ಗಣಿ ಗುತ್ತಿಗೆ 1999ರಲ್ಲಿ ಮುಗಿದಿತ್ತು. ಸುಪ್ರೀಂ ಕೋರ್ಟಿನ ಆದೇಶ ಬಂದದ್ದು 2002ರ ಅಕ್ಟೋಬರಿನಲ್ಲಿ. ಗಣಿಗಾರಿಕೆ ನಿಲ್ಲಿಸಲು ಕೊಟ್ಟ ಗಡುವು 2005ರ ಡಿಸೆಂಬರ್ 31. ಇನ್ನು ತೀರ್ಪೇ ತಿರುಗುವುದೂ ಉಂಟು. ಕೆಲಸ ಆರಂಭಿಸಿದ ಮೇಲೆ ಪರಿಸರ ಅನುಮತಿ ಪಡೆಯುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದುಪಡಿಸಿತ್ತು. ಅದೇ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎರಡಕ್ಕೆ ಒಂದರ ಬಹುಮತದಿಂದ ಆ ತೀರ್ಪನ್ನು ಹಿಂಪಡೆಯಿತು.

ಈಗ ನೀವು ಮಾಡಬಹುದಾದದ್ದು. ಯೋಜನೆಗೆ ಕೊಟ್ಟ ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಗಡುವಿದೆ. ತಕ್ಕ ಕಾರಣವಿದ್ದರೆ ಇನ್ನು 60 ದಿನ ಸಿಗಬಹುದು, ಅದರಾಚೆಗಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬರಲೂ 30 ದಿನ ಹಿಡಿಯುವುದರಿಂದ, ಅದನ್ನೇ ನಂಬಿ ಕುಳಿತರೆ ಗಡುವು ಜಾರುತ್ತದೆ. ಸಚಿವಾಲಯದ 'ಪರಿವೇಶ್' ಜಾಲತಾಣದಲ್ಲಿ ಅನುಮತಿ ಪತ್ರವಿದೆಯೇ ಎಂದು ಅಂದೇ ನೋಡಿ. ಸರ್ವೆ ನಂಬರು ನಮೂದಿಸಿ ಜಿಲ್ಲಾಧಿಕಾರಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ದೂರು ಕೊಟ್ಟು, ಟಪಾಲು ವಿಭಾಗದ ಮೊಹರು ಬಿದ್ದ ನಕಲನ್ನು ಮರೆಯದೆ ಪಡೆದುಕೊಳ್ಳಿ. ದಿನಾಂಕ ಮೂಡಿರುವ ಫೋಟೊ, ಪಹಣಿ, ಪಂಚಾಯಿತಿಯ ನಿರ್ಣಯ ಜೊತೆಗಿರಲಿ. ಮುಂದೆ ಕರಡು ಅಧಿಸೂಚನೆ ಬಂದಾಗ 60 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದ್ದರೆ, ಅದನ್ನು ಪರಿಗಣಿಸಿದ್ದೀರಾ ಎಂದು ನ್ಯಾಯಾಲಯದಲ್ಲಿ ಸರ್ಕಾರವನ್ನು ಕೇಳುವ ಅವಕಾಶ ನಿಮಗಿರುತ್ತದೆ. ವಕೀಲರ ಖರ್ಚು ಭರಿಸಲಾಗದವರು ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ಕಾನೂನು ನೆರವು ದೊರೆಯುತ್ತದೆ.