ಕಟ್ಟಡ ದುರಸ್ತಿ ಮತ್ತು ಅಗ್ನಿಸುರಕ್ಷಾ ನಿರ್ವಹಣೆ: ಪರವಾನಗಿ ಯಾವಾಗ ಬೇಕು

ಕಟ್ಟಡದ ದುರಸ್ತಿಗೆ ಪರವಾನಗಿ ಬೇಕೆ ಬೇಡವೆ ಎಂದು ಕೇಳಿದರೆ ಅನೇಕರು ಖರ್ಚಿನ ಮೊತ್ತವನ್ನೋ ಕೆಲಸ ಹಿಡಿಯುವ ದಿನಗಳನ್ನೋ ನೋಡಿ ಉತ್ತರಿಸುತ್ತಾರೆ. ಕಾನೂನು ನೋಡುವುದು ಬೇರೆಯದನ್ನು. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಕಲಬುರಗಿಯಂಥ ನಗರಗಳಿಗೆ ಅನ್ವಯಿಸುವ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮವು ಹೊಸ ಕಟ್ಟಡಕ್ಕೆ ಇರುವ ನಿಯಮಗಳನ್ನೇ ಮಾರ್ಪಾಡು ಮತ್ತು ಸೇರ್ಪಡೆಗಳಿಗೂ ಅನ್ವಯಿಸುತ್ತದೆ. ಆದರೆ ಕಟ್ಟಡದ ಅಥವಾ ಅದರ ಯಾವುದೇ ಕೋಣೆಯ ಸ್ಥಾನವನ್ನಾಗಲಿ ಅಳತೆಯನ್ನಾಗಲಿ ಬದಲಿಸದ ಅವಶ್ಯ ದುರಸ್ತಿಯನ್ನು ಮಾರ್ಪಾಡೆಂದು ಪರಿಗಣಿಸುವುದಿಲ್ಲ. ಸ್ಥಾನ ಮತ್ತು ಅಳತೆ ಎಂಬ ಈ ಎರಡು ಮಾತುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ಬಹುಪಾಲು ಪ್ರಶ್ನೆಗಳಿಗೆ ದಾರಿ ಸಿಗುತ್ತದೆ. ಬೆಂಗಳೂರಿಗೆ ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮವಿರುವುದರಿಂದ ಅಲ್ಲಿನ ಕಟ್ಟಡಗಳ ವಿಷಯದಲ್ಲಿ ಅದನ್ನೂ ಅಲ್ಲಿನ ಕಟ್ಟಡ ಬೈಲಾಗಳನ್ನೂ (ಸ್ಥಳೀಯ ಸಂಸ್ಥೆಯ ಉಪನಿಯಮಗಳನ್ನೂ) ಓದಿಕೊಳ್ಳಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆಯ (ನ್ಯಾಷನಲ್ ಬಿಲ್ಡಿಂಗ್ ಕೋಡ್) ಎರಡನೆಯ ಭಾಗವು ಪರವಾನಗಿ ಬೇಡದ ಕೆಲಸಗಳನ್ನು ಹೆಸರಿಸಿಯೇ ಹೇಳುತ್ತದೆ. ಸುಣ್ಣ ಬಣ್ಣ ಬಳಿಯುವುದು, ಗಿಲಾವು ಮತ್ತು ತೇಪೆ ಕೆಲಸ, ನೆಲಹಾಸನ್ನು ಬದಲಿಸುವುದು, ಹೆಂಚು ಮರುಹೊದಿಸುವುದು, ಕೋಣೆಗಳ ನಡುವೆ ಬಾಗಿಲು ಇಡುವುದು, ಅಡ್ಡತಡಿಕೆ, ಫಾಲ್ಸ್ ಸೀಲಿಂಗ್, ಸ್ವಂತ ನಿವೇಶನದೊಳಗಿನ ಸಜ್ಜಾ ಮುಂತಾದವು ಆ ಪಟ್ಟಿಯಲ್ಲಿವೆ. ಪಟ್ಟಿಯನ್ನು ಬಾಯಿಪಾಠ ಮಾಡುವವರು ಅದರ ತಲೆಯ ಮೇಲಿರುವ ಷರತ್ತನ್ನು ಮರೆಯುವುದೇ ಹೆಚ್ಚು: ಈ ಕೆಲಸಗಳು ಕಟ್ಟಡದ ಸಾಮಾನ್ಯ ಅಗತ್ಯಗಳು, ರಚನೆಯ ಭದ್ರತೆ, ಅಗ್ನಿ ಮತ್ತು ಆರೋಗ್ಯ ಸುರಕ್ಷತೆಗೆ ಸಂಬಂಧಿಸಿದ ಯಾವ ನಿಯಮವನ್ನೂ ಮುರಿಯದಿದ್ದರೆ ಮಾತ್ರ ವಿನಾಯಿತಿ ಸಿಗುತ್ತದೆ. ಸಂಹಿತೆ ಸ್ವತಃ ಶಿಫಾರಸಿನ ರೂಪದ್ದು. ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ತನ್ನ ನಿಯಮಗಳಲ್ಲಿ ಅಳವಡಿಸಿಕೊಂಡಾಗ ಅದು ಕಡ್ಡಾಯವಾಗುತ್ತದೆ. ಆದ್ದರಿಂದ ಅಂತಿಮ ಮಾತು ಆಯಾ ಊರಿನ ಬೈಲಾದ್ದು.

ಕರಾವಳಿ ಮತ್ತು ಮಲೆನಾಡಿನ ಹೆಂಚಿನ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಳೆಗಾಲಕ್ಕೆ ಮೊದಲು ಒಡೆದ ಮಂಗಳೂರು ಹೆಂಚುಗಳನ್ನು ತೆಗೆದು ಹೊಸವನ್ನು ಹೊದಿಸುವುದು, ಗೆದ್ದಲು ಹಿಡಿದ ರೀಪುಗಳನ್ನು ಅದೇ ಅಳತೆಯಲ್ಲಿ ಬದಲಿಸುವುದು ದುರಸ್ತಿಯೇ. ಅದೇ ಮನೆಯ ಹೆಂಚಿನ ಮಾಡನ್ನು ಇಳಿಸಿ, ಹಳೆಯ ಗೋಡೆಗಳ ಮೇಲೆ ಕಾಂಕ್ರೀಟ್ ತಾರಸಿ ಹಾಕುವುದು ದುರಸ್ತಿಯಲ್ಲ, ಏಕೆಂದರೆ ಗೋಡೆ ಮತ್ತು ತಳಪಾಯ ಹೊರಬೇಕಾದ ಭಾರವೇ ಬೇರೆಯಾಗುತ್ತದೆ ಮತ್ತು ನಾಳೆ ಮೇಲೊಂದು ಅಂತಸ್ತು ಏಳುವ ದಾರಿಯೂ ತೆರೆದುಕೊಳ್ಳುತ್ತದೆ. ಗೋಡೆಯ ವಿಷಯದಲ್ಲೂ ಹೀಗೆಯೇ. ಕಂಬ ಮತ್ತು ತೊಲೆಗಳ ಚೌಕಟ್ಟಿನ ಕಟ್ಟಡದಲ್ಲಿ ಒಳಗಿನ ತೆಳು ಗೋಡೆಯೊಂದು ಬರಿಯ ಮರೆಯಾಗಿರಬಹುದು. ಗೋಡೆಯೇ ಭಾರ ಹೊರುವ ಹಳೆಯ ಕಟ್ಟಡದಲ್ಲಿ ಅಷ್ಟೇ ದಪ್ಪದ ಗೋಡೆ ಮೇಲಿನ ಮಹಡಿಯನ್ನು ಹೊತ್ತಿರಬಹುದು. ಎರಡನೆಯದನ್ನು ಮುಟ್ಟುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆ ಮತ್ತು ಮಂಜೂರಾತಿ ಎರಡೂ ಬೇಕು. ಬಳಕೆಯ ಬದಲಾವಣೆಯನ್ನೂ ಇಲ್ಲೇ ಸೇರಿಸಿಕೊಳ್ಳಬೇಕು: ಒಂದು ಇಟ್ಟಿಗೆಯನ್ನೂ ಅಲುಗಿಸದೆ ವಾಸದ ಮನೆಯನ್ನು ನರ್ಸಿಂಗ್ ಹೋಮ್ ಅಥವಾ ಕೋಚಿಂಗ್ ತರಗತಿಯಾಗಿ ಮಾಡಿದರೂ ಜನರ ಸಂಖ್ಯೆ, ಹೊರಹೋಗುವ ದಾರಿ, ಬೆಂಕಿಯ ಅಪಾಯ ಎಲ್ಲವೂ ಬದಲಾಗುವುದರಿಂದ ಅನುಮತಿ ಪಡೆಯಲೇಬೇಕು.

ವಿಜಯಪುರ, ಬೀದರ್, ಬಾದಾಮಿ, ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಇನ್ನೊಂದು ಪದರವಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕಿಂತ ಮೊದಲಿದ್ದ, ಅಥವಾ ಆಮೇಲೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಅನುಮೋದನೆಯಿಂದ ಕಟ್ಟಿದ ಮನೆಯ ಮಾಲೀಕರು ದುರಸ್ತಿ ಮತ್ತು ನವೀಕರಣಕ್ಕಾಗಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಬೇರೆ ಊರಿನಲ್ಲಿ ಯಾರನ್ನೂ ಕೇಳದೆ ಮಾಡುವ ದುರಸ್ತಿಗೂ ಇಲ್ಲಿ ಕಾಗದ ಬೇಕಾಗುವುದರಿಂದ, ಮನೆಯ ವಯಸ್ಸನ್ನು ತೋರಿಸುವ ಹಳೆಯ ಕಂದಾಯ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಬಹಳ ಅನುಕೂಲ.

ಇನ್ನು ಅಗ್ನಿಸುರಕ್ಷತೆ. ಎತ್ತರದ ಕಟ್ಟಡಗಳಿಗೆ ನಕ್ಷೆ ಮಂಜೂರಾಗುವ ಮೊದಲು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು, ವಾಸಕ್ಕೆ ಮುನ್ನ ಅದೇ ಇಲಾಖೆಯ ಕ್ಲಿಯರೆನ್ಸ್ ಪತ್ರ ಬೇಕು. ಆ ಪತ್ರಗಳು ನಿಂತಿರುವುದು ನಿರ್ದಿಷ್ಟ ನಕ್ಷೆಯ ಮೇಲೆ. ಆದ್ದರಿಂದ ಇರುವ ಉಪಕರಣವನ್ನು ಸುಸ್ಥಿತಿಯಲ್ಲಿಡುವುದಕ್ಕೆ ಅನುಮತಿ ಬೇಡ, ನಕ್ಷೆಯಲ್ಲಿ ತೋರಿಸಿದ ವ್ಯವಸ್ಥೆಯನ್ನು ಬದಲಿಸುವುದಕ್ಕೆ ಬೇಕು. ಅಗ್ನಿನಂದಕದ ಮರುಭರ್ತಿ, ಹೈಡ್ರಂಟ್ (ಬೆಂಕಿ ಆರಿಸಲು ನೀರು ಪಡೆಯುವ ನಲ್ಲಿ) ಹೋಸಿನ ಬದಲಾವಣೆ, ಅಲಾರಂ ಬ್ಯಾಟರಿ, ಅದೇ ಸಾಮರ್ಥ್ಯದ ಪಂಪಿನ ಮೋಟಾರು ಇವೆಲ್ಲ ನಿರ್ವಹಣೆ. ಪಂಪಿನ ಸಾಮರ್ಥ್ಯ ಇಳಿಸುವುದು, ಬೆಂಕಿಗೆಂದು ಮೀಸಲಿಟ್ಟ ತೊಟ್ಟಿಯನ್ನು ಗೃಹಬಳಕೆಗೆ ಜೋಡಿಸುವುದು, ಅಗ್ನಿನಿರೋಧಕ ಬಾಗಿಲಿನ ಜಾಗದಲ್ಲಿ ಸಾದಾ ಪ್ಲೈವುಡ್ ಬಾಗಿಲು ಕೂರಿಸುವುದು ನಿರ್ವಹಣೆಯ ಹೆಸರಿನಲ್ಲಿ ನಡೆಯುವ ಮಾರ್ಪಾಡುಗಳು. ಮರುಭರ್ತಿ ಯಾರು ಬೇಕಾದರೂ ಮಾಡುವ ಕೆಲಸವೂ ಅಲ್ಲ; ಕಾರ್ಬನ್ ಡೈಆಕ್ಸೈಡ್ ಸಿಲಿಂಡರುಗಳು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ಅವುಗಳನ್ನು ತುಂಬುವವರಿಗೆ ಪ್ರತ್ಯೇಕ ಲೈಸೆನ್ಸ್ ಇರಬೇಕು.

ಪರವಾನಗಿ ಬೇಡದ ಬಣ್ಣದ ಕೆಲಸವೂ ಬೆಂಕಿಯ ರಕ್ಷಣೆಯನ್ನು ಕೆಡಿಸಬಲ್ಲದು ಎಂಬುದಕ್ಕೆ, ಬೆಂಕಿಯ ಶಾಖಕ್ಕೆ ಸೀಲಿಂಗಿನಿಂದ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಒಳ್ಳೆಯ ನಿದರ್ಶನ. ಅದರ ಬಾಯಲ್ಲಿರುವ ಪುಟ್ಟ ಗಾಜಿನ ಬಲ್ಬಿನೊಳಗೆ ದ್ರವವಿರುತ್ತದೆ. ಕೆಂಪು ಬಣ್ಣದ್ದು ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಸಿರು ಬಣ್ಣದ್ದು 93 ಡಿಗ್ರಿಯಲ್ಲಿ ಒಡೆದು ನೀರು ಬಿಡುತ್ತದೆ. ಸೀಲಿಂಗಿಗೆ ಹೊಡೆದ ಬಣ್ಣ ಬಲ್ಬಿಗೂ ಹತ್ತಿದರೆ ಶಾಖ ತಲುಪುವುದು ತಡವಾಗುತ್ತದೆ, ಒಡೆಯಬೇಕಾದದ್ದು ಒಡೆಯದೆಯೂ ಇರಬಹುದು. ಅಂಥ ಸ್ಪ್ರಿಂಕ್ಲರನ್ನು ಒರೆಸಿ ಮತ್ತೆ ಬಳಸಬಾರದು, ಅದೇ ತಾಪಮಾನದ ಹೊಸದನ್ನೇ ಹಾಕಬೇಕು. ಫಾಲ್ಸ್ ಸೀಲಿಂಗ್ ಕೂಡ ವಿನಾಯಿತಿಯ ಪಟ್ಟಿಯಲ್ಲಿದೆ, ನಿಜ. ಆದರೆ ಸ್ಪ್ರಿಂಕ್ಲರನ್ನೂ ಹೊಗೆ ಪತ್ತೆಕಾರಕವನ್ನೂ ಮುಚ್ಚಿಹಾಕುವ ಫಾಲ್ಸ್ ಸೀಲಿಂಗಿಗೆ ಆ ವಿನಾಯಿತಿ ಉಳಿಯುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಡಕ್ಟಿನ, ಎಂದರೆ ಕೇಬಲ್ ಮತ್ತು ಪೈಪುಗಳು ಮಹಡಿಯಿಂದ ಮಹಡಿಗೆ ಹಾಯುವ ಕಿರಿದಾದ ಕಂಡಿಯ ವಿಷಯ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ವಿದ್ಯುತ್ ಕೇಬಲ್‌ಗಳ ಡಕ್ಟಿನಲ್ಲಿ ಹುಟ್ಟಿದ ದಟ್ಟ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರುಗಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಪ್ರತಿ ಮಹಡಿಯ ಮಟ್ಟದಲ್ಲೂ ಡಕ್ಟನ್ನು ಅಗ್ನಿನಿರೋಧಕ ವಸ್ತುವಿನಿಂದ ಮುಚ್ಚಬೇಕೆಂಬ ನಿಯಮದ ಅರ್ಥ ಇಲ್ಲಿದೆ. ಹೊಸ ಇಂಟರ್‌ನೆಟ್ ಕೇಬಲ್ ಎಳೆಯುವವರು ಆ ಮುಚ್ಚುಗೆಯಲ್ಲಿ ತೂತು ಕೊರೆದು ಹಾಗೆಯೇ ಬಿಟ್ಟುಹೋಗುತ್ತಾರೆ. ಈ ತೂತಿಗೆ ಯಾವ ಕಚೇರಿಯೂ ಪರವಾನಗಿ ಕೇಳುವುದಿಲ್ಲ, ಆದರೆ ಅದನ್ನು ಮುಚ್ಚಿಸುವ ಹೊಣೆ ಕಟ್ಟಡದ ಮಾಲೀಕರದು ಮತ್ತು ನಿರ್ವಾಹಕರದು. ನನ್ನ ಅಭಿಪ್ರಾಯದಲ್ಲಿ ಕ್ಷೇತ್ರ ಪರಿಶೀಲನೆಗೆ ಹೋಗುವ ವಿದ್ಯಾರ್ಥಿ ಮೊದಲು ತೆರೆದು ನೋಡಬೇಕಾದದ್ದು ಡಕ್ಟಿನ ಬಾಗಿಲನ್ನೇ.

ಮೆಟ್ಟಿಲ ಬಾಯಿಗೆ ಕಬ್ಬಿಣದ ಗ್ರಿಲ್ ಹಾಕಿ ಬೀಗ ಜಡಿಯುವುದು, ಅಗ್ನಿಶಾಮಕ ವಾಹನ ಸುತ್ತುವರಿಯಲು ಬಿಟ್ಟ ಜಾಗದಲ್ಲಿ ಶೀಟಿನ ಶೆಡ್ ಎಬ್ಬಿಸುವುದು ಭದ್ರತೆಯ ಅಥವಾ ಅನುಕೂಲದ ಹೆಸರಿನಲ್ಲಿ ನಡೆದರೂ ಮಂಜೂರಾದ ನಕ್ಷೆಯ ಉಲ್ಲಂಘನೆಗಳೇ. ಅಪಾರ್ಟ್‌ಮೆಂಟುಗಳಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮವು ಇನ್ನೂ ಬಿಗಿ: ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸಕ್ಕೆ ಉಳಿದೆಲ್ಲ ಮಾಲೀಕರ ಒಮ್ಮತದ ಒಪ್ಪಿಗೆ ಬೇಕು. ಲಿಫ್ಟು ಮತ್ತು ಜನರೇಟರಿಗೆ ಪಾಲಿಕೆಯಲ್ಲ, ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಬೇಕು.

ಕೊನೆಯದಾಗಿ, ಅನುಮತಿ ಬೇಡದ ದುರಸ್ತಿಯ ಅವಧಿಯಲ್ಲೇ ಕಟ್ಟಡ ಹೆಚ್ಚು ಅರಕ್ಷಿತವಾಗಿರುತ್ತದೆ. ಪಂಪು ಬಿಚ್ಚಿದಾಗ ಅಥವಾ ಮಹಡಿಗಳಿಗೆ ಬೆಂಕಿ ಆರಿಸುವ ನೀರೊಯ್ಯುವ ರೈಸರ್ ಪೈಪಿನ ನೀರು ಖಾಲಿ ಮಾಡಿದಾಗ ನಿವಾಸಿಗಳಿಗೂ ಕಾವಲುಗಾರರಿಗೂ ತಿಳಿಸಿ, ವೆಲ್ಡಿಂಗ್ ಕೆಲಸವನ್ನು ತಡೆಹಿಡಿದು, ಮಹಡಿಗಳಲ್ಲಿ ಹೆಚ್ಚುವರಿ ಅಗ್ನಿನಂದಕಗಳನ್ನು ಇಡಬೇಕು. ಕೆಲಸ ಮುಗಿದ ಮೇಲೆ ವಾಲ್ವ್ ಪೂರ್ತಿ ತೆರೆದಿದೆಯೇ, ಪಂಪಿನ ಸ್ವಿಚ್ ಮ್ಯಾನುಯಲ್‌ನಿಂದ ಆಟೊಗೆ ಮರಳಿದೆಯೇ ಎಂದು ನೋಡಿ, ಅತಿ ಮೇಲಿನ ಮಹಡಿಯ ಹೈಡ್ರಂಟನ್ನು ತೆರೆದು ಒತ್ತಡ ಪರೀಕ್ಷಿಸಿ, ದಿನಾಂಕದೊಡನೆ ನಿರ್ವಹಣಾ ಪುಸ್ತಕದಲ್ಲಿ ಸಹಿ ಹಾಕಿಸಬೇಕು.